ಎರಡನೇ ರಾಶಿ

ಜನವರಿ 14

ಮದುವೆಯಾಗಿ ಇಪ್ಪತ್ತಮೂರು ದಿನ! ಕೈಬೆರಳು, ಕಾಲ್ಬೆರಳು ಎರಡೂ ಸಾಲದೆ ಇವತ್ತು ಇವರ ಮೂರು ಬೆರಳು ಕಡ ತೆಗೆದುಕೊಂಡು ಎಣಿಸಿದೆ. "ನಾಳೆ ಪಕ್ಕದ ಮನೆಯವರ ಬೆರಳೂ ಕೇಳ್ತೀಯಾ?" ಎಂದು ನಕ್ಕರು. ಇವರು ನಕ್ಕರೆ ಎಡಗೆನ್ನೆ ಮಾತ್ರ ಗುಳಿ ಬೀಳುತ್ತದೆ. ಬಲಗೆನ್ನೆ ಸುಮ್ಮನೆ ನೋಡುತ್ತಾ ಕೂತಿರುತ್ತದೆ.

ಇಂದು ನಮ್ಮದೇ ಮನೆಗೆ ಬಂದೆವು. ಮನೆ ಎಂದರೆ ವಿಶ್ವವಿದ್ಯಾಲಯದ ಹಳೆಯ ಲಾಂಡ್ರಿಯ ಮೇಲಿನ ಎರಡು ಕೋಣೆ, ಹಾಕಿದ ಬಾಗಿಲು ತಾನೇ ತೆರೆದುಕೊಳ್ಳುವ ಒಂದು ಬೀರು, ಒಂದು ದೊಡ್ಡ ಕಿಟಕಿ. ಕಿಟಕಿಯ ಕೆಳಗೆ ನಮ್ಮ ಯಜಮಾನರ ಸಾಮ್ರಾಜ್ಯ: ಗೊಬ್ಬರದ ಅಂಗಳ! ನಾಲ್ಕು ಊಟದ ಹಾಲ್‌ಗಳ ಅಡುಗೆಮನೆಗಳಿಂದ ದಿನಕ್ಕೆ ಹದಿನೆಂಟು ಡ್ರಮ್ ಬರುತ್ತದೆ. ಆಲೂಗಡ್ಡೆ ಸಿಪ್ಪೆ, ಮೊಟ್ಟೆ ಚಿಪ್ಪು, ಚಹಾದ ಚರಟ, ವಿದ್ಯಾರ್ಥಿಗಳು ತಟ್ಟೆಯಲ್ಲಿ ಬಿಟ್ಟ ಅನ್ನ, ಬ್ರೆಡ್ಡಿನ ಅಂಚು. ಒಂದು ಪಾಲು ಹಸಿಗೆ ಎರಡು ಪಾಲು ಒಣ ಸರಕು ಬೆರೆಸಿ ಉದ್ದಕ್ಕೆ ರಾಶಿ ಹಾಕಿದರೆ ಅದು ತಾನಾಗಿಯೇ ಕಾಯುತ್ತದೆ. ಬೆಂಕಿ ಇಲ್ಲ, ಏನಿಲ್ಲ. ನನ್ನ ಕೈ ಹಿಡಿದು ರಾಶಿಯೊಳಗೆ ತೂರಿಸಿದರು. ಬಿಸಿ! ಜ್ವರ ಬಂದ ಮಗುವಿನ ಹಣೆಯ ಹಾಗೆ.

ಇದು ಇನ್ನೂ ಪ್ರಯೋಗವಂತೆ. ಗೊಬ್ಬರ ಚೆನ್ನಾಗಿ ಬಂದು ಸಸಿತೋಟದವರು ಒಪ್ಪಿದರೆ ಅಂಗಳ ಶಾಶ್ವತ. ಇಲ್ಲದಿದ್ದರೆ ಮೊದಲಿನ ಹಾಗೆ ಲಾರಿ ಬಂದು ಎಲ್ಲವನ್ನೂ ಊರಾಚೆಯ ಕಸದ ಗುಡ್ಡಕ್ಕೆ ಸುರಿಯುತ್ತದೆ. ಅಂಗಳ ಹೋದರೆ ಇವರ ಕೆಲಸ ಹೋಯಿತು, ಕೆಲಸ ಹೋದರೆ ಈ ಮನೆ. ಆದರೆ ಯಾಕೆ ಹೋಗುತ್ತದೆ? ಇವರು ಇದ್ದಾರಲ್ಲ!

ಅಮ್ಮ ಫೋನಿನಲ್ಲಿ, "ಗೊಬ್ಬರದೋನಿಗೆ ಮಗಳನ್ನ ಕೊಟ್ಟೆ ಅಂತ ಜನಕ್ಕೆ ಹೇಗೆ ಹೇಳ್ಲಿ?" ಎಂದಳು.

"ಎಂಜಿನಿಯರ್ ಅನ್ನಮ್ಮ. ಅದೂ ಸುಳ್ಳಲ್ಲ."

"ಮೂಗು ಮುಚ್ಕೊಂಡು ಹೇಳ್ತೀನಿ ಬಿಡು."

ನಮ್ಮ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆದರೂ ಈ ನೋಟ್‌ಬುಕ್ ಕನ್ನಡದಲ್ಲೇ. ಇವರ ಬಗ್ಗೆ ಇಂಗ್ಲಿಷಿನಲ್ಲಿ ಬರೆದರೆ ಅಂಗಡಿಯಲ್ಲಿ ಮಾರುವ ಶುಭಾಶಯ ಪತ್ರದ ಹಾಗೆ ಕಾಣುತ್ತದೆ.

ಜನವರಿ 22

ನನಗೆ ಕೆಲಸ ಸಿಕ್ಕಿತು! ಸಂಬಳವಿಲ್ಲದ್ದು, ಕೇಳಿ ತೆಗೆದುಕೊಂಡದ್ದು. ಬೆಳಿಗ್ಗೆ, ಸಂಜೆ ರಾಶಿಗೆ ಉದ್ದನೆಯ ಥರ್ಮಾಮೀಟರ್ ಚುಚ್ಚಿ ಡಿಗ್ರಿ ಬರೆಯುವುದು. ಡ್ರಮ್ ಬಂದಾಗ ಎಣಿಸುವುದು.

ಹಾಗೆ ಎಣಿಸಲು ಹೋಗಿ ತಟ್ಟೆ ಅಕ್ಕನ ಪರಿಚಯವಾಯಿತು. ದೊಡ್ಡ ಹಾಲ್‌ನಲ್ಲಿ ಎಂಜಲು ತಟ್ಟೆ ವಾಪಸ್ ಕೊಡುವ ಕಿಂಡಿಯ ಹಿಂದೆ ಹತ್ತೊಂಬತ್ತು ವರ್ಷದಿಂದ ನಿಂತಿದ್ದಾರೆ. ಎಲ್ಲರೂ ಕರೆಯುವುದು ಹಾಗೆಯೇ. ಅವರ ಕೈ ನೋಡಬೇಕು! ಎಡಗೈ ತಟ್ಟೆ ಹಿಡಿಯುವಷ್ಟರಲ್ಲಿ ಬಲಗೈ ಪ್ಲಾಸ್ಟಿಕ್ ಚೂರು ಒಂದು ಕಡೆ, ಮೂಳೆ ಒಂದು ಕಡೆ, ಅನ್ನ ಒಂದು ಕಡೆ ಮಾಡಿರುತ್ತದೆ. ಅವರು ವಿಂಗಡಿಸಿದ ಡ್ರಮ್‌ನಲ್ಲಿ ಹಲ್ಲುಕಡ್ಡಿಯೂ ಸಿಗುವುದಿಲ್ಲ ಎಂದು ಇವರೇ ಹೇಳುತ್ತಾರೆ.

"ಏನ್ ಮದುಮಗಳೇ, ಗಂಡನ ಜೊತೆ ಸಿನಿಮಾಕ್ಕೆ ಹೋಗೋ ವಯಸ್ಸಲ್ಲಿ ಎಂಜಲು ಎಣಿಸೋಕೆ ಬಂದ್ಯಾ?"

"ನಂಗೆ ಇಷ್ಟ ಅಕ್ಕ!"

"ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನೋಡೋಣ, ಎಷ್ಟು ದಿನ."

ಅವರದೂ ಕ್ವಾರ್ಟರ್ಸೇ. ಹಿಂದಿನ ಸಾಲಿನಲ್ಲಿ ಒಂದೇ ಕೋಣೆ. ಅವರ ಯಜಮಾನರಿಗೆ ಮಂಡಿ ಹಿಡಿದು ಮೂರು ವರ್ಷವಾಗಿದೆ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು ಅಕ್ಕ ಬರುವ ದಾರಿ ಕಾಯುತ್ತಾರೆ. ಎಷ್ಟು ಮುದ್ದಾದ ಜೋಡಿ! ನಾವೂ ಮುದುಕರಾದಾಗ ಹೀಗೇ ಇರಬೇಕು.

ಫೆಬ್ರವರಿ 6

ಬೆಳಿಗ್ಗೆ ಎಂಟಕ್ಕೇ ಅಕ್ಕ ಅಂಗಳಕ್ಕೆ ಬಂದರು. ಏಪ್ರನ್ ಕೂಡ ಬಿಚ್ಚಿರಲಿಲ್ಲ. ಇವರನ್ನು ಅವರು ಕರೆಯುವುದು ಮೇಷ್ಟ್ರೇ ಎಂದೇ.

"ಮೇಷ್ಟ್ರೇ, ನಿನ್ನೆ ಒಂದು ತಪ್ಪಾಯ್ತು. ಉಪ್ಪುನೀರಲ್ಲಿ ಹಾಕಿಟ್ಟ ತರಕಾರಿ ಡಬ್ಬಿ ಇರ್ತಾವಲ್ಲ, ಹನ್ನೆರಡು ಡಬ್ಬಿದು ನೀರು ಸಿಂಕಿಗೆ ಚೆಲ್ಲೋ ಬದ್ಲು ಡ್ರಮ್ಮಿಗೇ ಚೆಲ್ಬಿಟ್ಟೆ. ಜ್ವರ ಇತ್ತು, ಗಮನ ಇರ್ಲಿಲ್ಲ. ಮನೆಗೆ ಹೋದ್ಮೇಲೆ ಜ್ಞಾಪಕ ಬಂತು. ರಾತ್ರಿಯೆಲ್ಲ ನಿದ್ದೆ ಇಲ್ಲ."

ಡ್ರಮ್ ಆಗಲೇ ರಾಶಿಗೆ ಬಿದ್ದಾಗಿತ್ತು. ಇವರು ನಕ್ಕು, "ಇಷ್ಟು ದೊಡ್ಡ ರಾಶೀಲಿ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ಹೋಗಿ ಅಕ್ಕ" ಎಂದರು. ಆದರೂ ದಾಖಲೆ ಪುಸ್ತಕದಲ್ಲಿ ಬರೆದರು. ಏನೇ ಆದರೂ ಬರೆಯಬೇಕಂತೆ.

ಯಾರೂ ಕೇಳದೆಯೇ ಬಂದು ಹೇಳಿದರಲ್ಲ! ನಾನಾಗಿದ್ದರೆ ಬಾಯಿ ಬಿಡುತ್ತಲೇ ಇರಲಿಲ್ಲ. ಹಾಗೆಂದು ಇವರಿಗೆ ಹೇಳಿದರೆ, "ನಿನ್ನ ಮುಖ ನೋಡಿದ್ರೇ ಗೊತ್ತಾಗಿಬಿಡುತ್ತೆ, ಕಳ್ಳಿ" ಎಂದು ಮೂಗು ಹಿಂಡಿದರು.

ಫೆಬ್ರವರಿ 19

ಇವತ್ತು ನಾನು ಅಂಗಳವನ್ನು ಉಳಿಸಿದೆ!! ಉತ್ಪ್ರೇಕ್ಷೆ ಅಲ್ಲ.

ಮರಗೆಲಸದ ಶೆಡ್ ಮುಚ್ಚಿ ಹತ್ತು ದಿನವಾಯಿತು, ರಾಶಿಗೆ ಬೆರೆಸುವ ಮರದ ಹೊಟ್ಟು ಬರುತ್ತಿಲ್ಲ. ಒಣ ಸರಕಿಲ್ಲದೆ ರಾಶಿ ಹಸಿಯಾಗಿ, ನಾರಿ, ನಲವತ್ತು ಡಿಗ್ರಿ ದಾಟಲಿಲ್ಲ. ಇವರಿಗೆ ಊಟ ಸೇರುತ್ತಿರಲಿಲ್ಲ. ನಾನು ಹೇಳದೆ ಕೇಳದೆ ಆಟದ ಮೈದಾನಕ್ಕೆ ಹೋದೆ. ಅಲ್ಲಿ ಹುಲ್ಲು ನೋಡಿಕೊಳ್ಳುವ ತಾತ ಇದ್ದಾರೆ. ಅವರ ಶೆಡ್ಡಿನ ಹಿಂದೆ ಕತ್ತರಿಸಿ ಒಣಗಿದ ಹುಲ್ಲು ಬೆಟ್ಟದಷ್ಟು! ಕೈ ಮುಗಿದು, ಹಲ್ಲು ಕಿರಿದು ಕೇಳಿದೆ. ತಾತ ಕರಗಿಯೇ ಹೋದರು.

"ತಗೊಂಡು ಹೋಗಮ್ಮ, ನಂಗೂ ಜಾಗ ಆಗುತ್ತೆ. ಆದ್ರೆ ಒಂದು ಮಾತು. ಈ ಹುಲ್ಲಿಗೆ ಕಳೆನಾಶಕ ಹೊಡ್ದಿದ್ದೀನಿ. ಈ ವರ್ಷ ಹೊಸ ಡಬ್ಬಿ ಕೊಟ್ಟಿದ್ದಾರೆ. ಹುಲ್ಲೊಂದು ಬಿಟ್ಟು ಅಗಲ ಎಲೇದೆಲ್ಲ ಸಾಯುತ್ತೆ. ಗೊಬ್ಬರಕ್ಕೆ ಆಗುತ್ತೋ ಇಲ್ವೋ, ಡಬ್ಬಿ ಮೇಲೆ ಇಂಗ್ಲಿಷಲ್ಲಿ ಬರ್ದಿದ್ದಾರೆ. ನೀನು ಓದಿದೋಳು, ಸ್ವಲ್ಪ ನೋಡಿ ಹೇಳು."

ಡಬ್ಬಿ ತಂದರು. ಮೇಲೆಯೇ ದಪ್ಪಕ್ಷರದಲ್ಲಿತ್ತು: ಒಣಗಿದ ಮೇಲೆ ಮನುಷ್ಯರಿಗೂ ಸಾಕುಪ್ರಾಣಿಗಳಿಗೂ ತೊಂದರೆಯಿಲ್ಲ. ಕೆಳಗೆ ಇನ್ನೂ ಏನೇನೋ ಮಡಿಕೆ ಮಡಿಕೆಯಾಗಿ ಅಂಟಿಸಿದ ಪುಸ್ತಕದ ಹಾಗಿತ್ತು. ಇರುವೆ ಸಾಲಿನಂಥ ಅಕ್ಷರ. ಅಷ್ಟರಲ್ಲಿ ಇವರು ನನ್ನನ್ನು ಹುಡುಕಿಕೊಂಡು ಗೇಟಿನ ಬಳಿ ಬಂದು ಶಿಳ್ಳೆ ಹೊಡೆದರು. ಆ ಶಿಳ್ಳೆ ಕೇಳಿದರೆ ನನಗೆ ಇಂಗ್ಲಿಷೂ ಮರೆಯುತ್ತದೆ, ಕನ್ನಡವೂ ಮರೆಯುತ್ತದೆ.

"ಏನೂ ಆಗಲ್ಲ ತಾತ, ಬರ್ದಿದ್ದಾರೆ" ಎಂದೆ. ಅಲ್ಲದೆ ಅರವತ್ತು ಡಿಗ್ರಿಯಲ್ಲಿ ಯಾವ ವಿಷವೂ ಉಳಿಯುವುದಿಲ್ಲವಲ್ಲ! ರೋಗ ಹೋಗುತ್ತದೆ, ಕಳೆಬೀಜ ಹೋಗುತ್ತದೆ, ಇವರು ದಿನಾ ಹೇಳುವುದೇ ಅದು.

ಒಣಹುಲ್ಲು ನೋಡಿ ಇವರು ಎಲ್ಲರೆದುರು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದರು. ಅಕ್ಕ ಕಿಂಡಿಯಿಂದಲೇ, "ಮೇಷ್ಟ್ರೇ, ಅದು ಹಸಿನೋ ಒಣನೋ? ಯಾವ ಡ್ರಮ್ಮಿಗೆ?" ಎಂದು ಕೂಗಿದರು.

ಫೆಬ್ರವರಿ 27

ಅರವತ್ತೈದು! ಅರವತ್ತೈದು! ಬೆಳಗಿನ ಚಳಿಯಲ್ಲಿ ರಾಶಿಯಿಂದ ಹೊಗೆಯಂಥ ಹಬೆ. ಇಬ್ಬರೂ ಅದರ ಪಕ್ಕ ಚಹಾ ಕುಡಿದೆವು. ಪ್ರಪಂಚದಲ್ಲಿ ಇದಕ್ಕಿಂತ ಸುಖವಾದ ಜಾಗ ಯಾವುದಿದೆ?

ಏಪ್ರಿಲ್ 20

ಎಷ್ಟು ದಿನ ಬರೆಯಲಿಲ್ಲ! ಸುಖವಾಗಿದ್ದವರು ಬರೆಯುವುದಿಲ್ಲವಂತೆ, ನಿಜವೇ.

ಮೊದಲ ರಾಶಿ ಮಾಗಿತು. ಜರಡಿ ಹಿಡಿದಾಗ ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ. ಅದು ಯಾರೋ ಬಿಟ್ಟ ಅನ್ನ, ಯಾರೋ ಕಚ್ಚಿ ಎಸೆದ ಬ್ರೆಡ್ ಎಂದು ಯಾರಾದರೂ ಹೇಳಿಯಾರೆ! ಅರವತ್ತು ಮೂಟೆ ಸಸಿತೋಟಕ್ಕೆ ಹೋಯಿತು. ಅಲ್ಲಿನ ಮೇಡಂ ಬೀನ್ಸ್, ಟೊಮೇಟೊ, ಹೂವಿನ ಗಿಡ ಎಲ್ಲವನ್ನೂ ಇದರಲ್ಲೇ ಬಿತ್ತುತ್ತಾರೆ. ಅಕ್ಕನಿಗೂ ಒಂದು ಮೂಟೆ ಕೊಟ್ಟೆವು. ಅವರು ಮುಷ್ಟಿಯಲ್ಲಿ ಹಿಡಿದು ಮೂಸಿ, "ಹತ್ತೊಂಬತ್ತು ವರ್ಷ ಇದನ್ನ ಬಿಸಾಕಿದ್ನಲ್ಲ" ಎಂದರು.

ಮೇ 11

ಸಸಿತೋಟದಿಂದ ಫೋನ್ ಬಂತು. ಇಬ್ಬರೂ ಓಡಿದೆವು.

ಬೀನ್ಸ್ ಮೊಳೆತಿವೆ. ಆದರೆ ಎಲೆಗಳು ಬಿಚ್ಚಿಕೊಂಡಿಲ್ಲ. ಒಳಕ್ಕೆ ಸುರುಳಿ ಸುತ್ತಿಕೊಂಡಿವೆ. ಕಾಂಡ ಹಿಂಡಿದ ಬಟ್ಟೆಯ ಹಾಗೆ ತಿರುಚಿದೆ. ಟೊಮೇಟೊ ಕೂಡ. ಎಂಟು ನೂರು ಸಸಿ. ಇವರು ಮಂಡಿಯೂರಿ ಕೂತು ಒಂದೊಂದೇ ಎಲೆಯನ್ನು ಬೆರಳಿನಿಂದ ಬಿಡಿಸಲು ನೋಡಿದರು. ಬಿಟ್ಟರೆ ಮತ್ತೆ ಸುತ್ತಿಕೊಳ್ಳುತ್ತದೆ.

ಪಕ್ಕದ ಸಾಲಿನಲ್ಲಿ ಜೋಳ ಮಾತ್ರ ನೆಟ್ಟಗೆ ನಿಂತಿತ್ತು. ಹುಲ್ಲಿನ ಜಾತಿಯದು, ಅದಕ್ಕೇನೂ ಆಗಿಲ್ಲ ಎಂದು ಮೇಡಂ ಹೇಳಿದರು.

ಹುಲ್ಲಿನ ಜಾತಿ.

ಮೇ 13

ಆಡಳಿತದ ಸಾಹೇಬರು ಅಂಗಳಕ್ಕೆ ಬಂದಿದ್ದರು. ಮೇಡಂ ಗೊಬ್ಬರದ ನೀರಿಗೆ ಮೀಟರ್ ಅದ್ದಿದರು. ಉಪ್ಪು ಸ್ವಲ್ಪ ಜಾಸ್ತಿ.

"ಅಡುಗೆಮನೆ ಗೊಬ್ಬರದಲ್ಲಿ ಉಪ್ಪು ಯಾವಾಗ್ಲೂ ಇಷ್ಟು ಇರುತ್ತೆ" ಎಂದರು ಮೇಡಂ. "ಅಲ್ಲದೆ ಉಪ್ಪಾದ್ರೆ ಎಲೆ ಅಂಚು ಸುಡಬೇಕು. ಇದು ಸುತ್ತಿಕೊಂಡಿದೆ."

ಸಾಹೇಬರು ಅಷ್ಟರಲ್ಲಿ ದಾಖಲೆ ಪುಸ್ತಕ ತಿರುವಿ ಹಾಕುತ್ತಿದ್ದರು. ಫೆಬ್ರವರಿ ಆರರ ಹಾಳೆಯಲ್ಲಿ ಬೆರಳಿಟ್ಟರು. ಇವರ ಕೈಬರಹದಲ್ಲೇ ಇತ್ತು: ಹನ್ನೆರಡು ಡಬ್ಬಿ ಉಪ್ಪುನೀರು.

"ನೋಡಿ ಇವರೇ, ತಪ್ಪು ಮೇಲ್ವಿಚಾರಕರದ್ದಾದ್ರೆ ಈ ಕ್ಷಣವೇ ಅಂಗಳ ಮುಚ್ತೀವಿ. ನೀವು ನೋಡಿ, ಪರೀಕ್ಷೆ ಮಾಡಿ ಒಳಗೆ ಹಾಕ್ಬೇಕಾದ ಸರಕಿಗೆ ನೀವೇ ಹೊಣೆ. ಕೆಲಸದೋರ ತಪ್ಪಾದ್ರೆ ಬೇರೆ ಮಾತು. ಇದು ಯಾವುದು?"

ಇವರು ಆ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ, "ಆಕೆ ಒಪ್ಪಿಕೊಂಡಿದ್ದಾರೆ ಸಾರ್" ಎಂದರು.

ನಾನು ಥರ್ಮಾಮೀಟರ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಮೇ 17

ತಾತನಿಲ್ಲದ ಹೊತ್ತು ನೋಡಿ ಶೆಡ್ಡಿಗೆ ಹೋದೆ. ಡಬ್ಬಿ ಒಂದು ಮೂಲೆಯಲ್ಲಿತ್ತು. ಅಂಟಿಸಿದ ಮಡಿಕೆಗಳನ್ನು ಉಗುರಿನಿಂದ ಎಬ್ಬಿಸಿದೆ. ಏಳು ಮಡಿಕೆ. ಆರನೆಯದರಲ್ಲಿತ್ತು. ಹೊಡೆದ ಹುಲ್ಲನ್ನು ಕಾಂಪೋಸ್ಟಿಗೆ ಬಳಸಬಾರದು. ಕಾಂಪೋಸ್ಟಿನ ಬಿಸಿಗೆ ಇದು ನಾಶವಾಗುವುದಿಲ್ಲ. ಬೀನ್ಸ್, ಟೊಮೇಟೊ, ಬಟಾಣಿ ಎಂದು ಹೆಸರು ಹೇಳಿಯೇ ಬರೆದಿದ್ದಾರೆ.

ಇಂಗ್ಲಿಷ್ ಬಹಳ ಸುಲಭವಾಗಿತ್ತು. ಐದನೆಯ ತರಗತಿಯ ಮಗುವೂ ಓದಬಹುದು.

ಮತ್ತೆ ಮಡಿಸಿ, ಎಂಜಲು ಹಚ್ಚಿ ಒತ್ತಿ ಅಂಟಿಸಿ ಬಂದೆ.

ಮೇ 18

ಸಂಜೆ ಹೇಳಿಯೇಬಿಡೋಣ ಎಂದು ಚಹಾ ಹಿಡಿದು ಹೋದೆ. ಇವರು ನೆಲದ ಮೇಲೆ ಕೂತಿದ್ದರು.

"ರೀ, ಆ ಮೈದಾನದ ಹುಲ್ಲು..."

"ಅದೊಂದೇ ಕಣೇ ಈ ವರ್ಷ ಸರಿಯಾಗಿ ಆಗಿದ್ದು" ಎಂದರು. "ನೀನು ಅವತ್ತು ಹುಲ್ಲು ತರದೇ ಇದ್ದಿದ್ರೆ ಫೆಬ್ರವರೀಲೇ ಮುಚ್ಕೊಂಡು ಹೋಗ್ತಿದ್ವಿ." ನನ್ನ ಮಡಿಲಲ್ಲಿ ತಲೆ ಇಟ್ಟರು. ಕೂದಲಲ್ಲಿ ಗೊಬ್ಬರದ ಪುಡಿ ಇತ್ತು. ಒಂದೊಂದಾಗಿ ತೆಗೆದೆ. ಚಹಾ ಆರಿತು.

ಹೇಳಿದರೆ ಏನಾಗುತ್ತದೆ? ಹುಲ್ಲನ್ನು ಪರೀಕ್ಷೆ ಮಾಡದೆ ಹಾಕಿದ್ದು ಇವರು. ಸಾಹೇಬರು ಹೇಳಿದ್ದಾರಲ್ಲ. ತಪ್ಪು ನನ್ನದಾದರೂ ಹೋಗುವುದು ಇವರ ಅಂಗಳ. ಹೇಳದಿರುವುದು ನನಗೋಸ್ಕರ ಅಲ್ಲ.

ಜೂನ್ 2

ಎರಡು ಹಳೆಯ ಡಬ್ಬಿಯಲ್ಲಿ ಮಣ್ಣು ತುಂಬಿ ಬೀನ್ಸ್ ಹಾಕಿದ್ದೆ, ಬಚ್ಚಲಿನ ಕಿಟಕಿಯಲ್ಲಿ. ಒಂದಕ್ಕೆ ಬರೀ ನೀರು. ಇನ್ನೊಂದಕ್ಕೆ ಆ ಹುಲ್ಲು ನೆನೆಸಿದ ನೀರು. ಉಪ್ಪು ಎರಡಕ್ಕೂ ಇಲ್ಲ.

ಎಡಗಡೆಯದು ನೆಟ್ಟಗಿದೆ. ಬಲಗಡೆಯದು ಸುತ್ತಿಕೊಂಡಿದೆ.

ಯಾರಾದರೂ ನೋಡಿದರೆ ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ. ಎರಡನ್ನೂ ಕಿತ್ತು ಕಮೋಡಿಗೆ ಹಾಕಿದೆ. ಎರಡು ಸಲ ನೀರು ಬಿಡಬೇಕಾಯಿತು.

ಅಮ್ಮನ ಫೋನ್ ಬಂದಿತ್ತು. ತೆಗೆಯಲಿಲ್ಲ.

ಜೂನ್ 9

ತೀರ್ಮಾನವಾಯಿತು. ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಎರಡನೇ ರಾಶಿ ಹಾಕಬೇಕು, ಅದರಲ್ಲಿ ಬೀನ್ಸ್ ಬಿತ್ತಿ ನೋಡುತ್ತಾರೆ. ಅಲ್ಲಿಯವರೆಗೆ ಅಕ್ಕ ಕಿಂಡಿಯಲ್ಲಿ ನಿಲ್ಲುವಂತಿಲ್ಲ. ಅಡುಗೆಮನೆಗಳ ಮೋರಿಯ ಎಣ್ಣೆ ಬಂದು ಸೇರುವ ಜಿಡ್ಡುಗುಂಡಿಯಿದೆಯಲ್ಲ, ಅದನ್ನು ಬಳಿಯುವ ಕೆಲಸಕ್ಕೆ ಹಾಕಿದ್ದಾರೆ. ಸಾಹೇಬರು ಎಲ್ಲರೆದುರೇ ಹೇಳಿದರು: "ಎರಡನೇ ರಾಶೀಲೂ ಗಿಡ ಸುತ್ತಿಕೊಂಡ್ರೆ ತಪ್ಪು ಆಕೇದಲ್ಲ, ವಾಪಸ್ ಕಿಂಡಿಗೆ ಬರಲಿ, ಅಂಗಳ ಮುಚ್ಚೋಣ. ಗಿಡ ಸರಿಯಾಗಿ ಬಂದ್ರೆ ತಪ್ಪು ಆಕೇದೇ ಅಂತ ಆಯ್ತು, ಕೆಲಸ ಬಿಡಲಿ. ಇದಕ್ಕಿಂತ ನ್ಯಾಯ ಏನಿದೆ?"

ಅಕ್ಕ ತಲೆ ಆಡಿಸಿದರು. "ನ್ಯಾಯಾನೇ ಸಾರ್" ಎಂದರು.

ಇವರು ಮನೆಗೆ ಬಂದ ಮೇಲೆ, "ಆಕೆ ನಮ್ಮ ಮೊದಲ್ನೇ ಡ್ರಮ್ಮಿಂದ ಜೊತೇಲಿದ್ದೋರು ಕಣೇ" ಎಂದರು.

ಜೂನ್ 12

ಮೈದಾನದ ತಾತ ಟ್ರಾಲಿ ತುಂಬ ಒಣಹುಲ್ಲು ಹೇರಿಕೊಂಡು ಬಂದಿದ್ದರು. ಇವರು ಊಟಕ್ಕೆ ಹೋಗಿದ್ದರು.

"ಎಲ್ಲಿ ಇಳಿಸ್ಲಮ್ಮ?"

"ಬೇಡ ತಾತ."

"ಯಾಕೆ? ಅವತ್ತು ಕಾಲಿಗೆ ಬೀಳೋ ಹಾಗೆ ಕೇಳಿದ್ದೆ."

"ಈ ಸಲ ರಟ್ಟಿನ ಡಬ್ಬ ಬಳಸ್ತಿದ್ದೀವಿ. ಉಗ್ರಾಣದಲ್ಲಿ ರಾಶಿ ಬಿದ್ದಿದೆ."

ತಾತ ನನ್ನ ಮುಖ ನೋಡಿದರು. ಅವರಿಗೆ ಓದು ಬಾರದಷ್ಟೆ. "ಡಬ್ಬಿ ಮೇಲೆ ಬೇರೆ ಏನಾದ್ರೂ ಬರ್ದಿತ್ತಾ?" ಎಂದರು.

"ಇಲ್ಲ ತಾತ. ನೋಡಿದ್ನಲ್ಲ."

ಟ್ರಾಲಿ ತಿರುಗಿಸಿಕೊಂಡು ಹೋದರು. ಹುಲ್ಲು ಹಾಕಿದ್ದರೆ ಅಕ್ಕ ಕಿಂಡಿಗೆ ಬರುತ್ತಿದ್ದರು. ಹಾಗೆಂದು ಗೊತ್ತಿದ್ದೂ ಗೊತ್ತಿದ್ದೂ ವಿಷ ಹಾಕಲಾಗುತ್ತದೆಯೇ? ಗಿಡಗಳಿಗೆ ಪಾಪ. ಒಳ್ಳೆಯದನ್ನೇ ಮಾಡಿದ್ದೇನೆ.

ಇವರಿಗೆ, ತಾತನ ಹತ್ತಿರ ಹುಲ್ಲು ಮುಗಿದಿದೆಯಂತೆ ಎಂದೆ. ನನ್ನ ಮುಖ ನೋಡಿದರೂ ಇವರಿಗೆ ಏನೂ ಗೊತ್ತಾಗಲಿಲ್ಲ.

ಜೂನ್ 21

ರಟ್ಟು ಹರಿದೆ. ಬೆಳಿಗ್ಗೆಯಿಂದ ಸಂಜೆ.

ಜೂನ್ 22

ರಟ್ಟು.

ಜುಲೈ 30

ಐವತ್ತೊಂಬತ್ತು ಡಿಗ್ರಿ. ನಾಲ್ಕನೇ ಸಲ ಮಗುಚಿದೆವು.

ಜಿಡ್ಡುಗುಂಡಿ ನಮ್ಮ ಕಿಟಕಿಗೆ ಕಾಣುತ್ತದೆ, ಇಷ್ಟು ದಿನ ಗಮನಿಸಿರಲಿಲ್ಲ. ಅಕ್ಕ ಏಣಿ ಇಳಿದು ಬಕೆಟ್ ತುಂಬುತ್ತಾರೆ, ಮೇಲೆ ಹತ್ತಿ ಸುರಿಯುತ್ತಾರೆ, ಮತ್ತೆ ಇಳಿಯುತ್ತಾರೆ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರಿಂದ ಮುಖ ಕಾಣಲಿಲ್ಲ. ಕಿಂಡಿಯಲ್ಲಿ ಈಗ ಬೇರೆಯವರಿದ್ದಾರೆ. ಡ್ರಮ್‌ನಲ್ಲಿ ದಿನಾ ಚಮಚ, ಪ್ಲಾಸ್ಟಿಕ್ ಬಾಟಲಿ, ಒಂದು ದಿನ ಕನ್ನಡಕ. ಎಲ್ಲವನ್ನೂ ನಾನೇ ಕೈ ಹಾಕಿ ಹೆಕ್ಕುತ್ತೇನೆ. ಅಕ್ಕನಷ್ಟು ಬೇಗ ಆಗುವುದಿಲ್ಲ.

ದಾರಿಯಲ್ಲಿ ಒಮ್ಮೆ ಎದುರು ಸಿಕ್ಕರು. "ರಾಶಿ ಹೇಗಿದೆ ಮದುಮಗಳೇ?" ಎಂದು ಕೇಳಿದರು. ಚೆನ್ನಾಗಿದೆ ಎಂದೆ. "ಅಷ್ಟು ಸಾಕು" ಎಂದರು.

ಬಟ್ಟೆ ಹಾಕುವ ತಂತಿಯನ್ನು ಕಿಟಕಿಯ ಮುಂದಕ್ಕೆ ಬದಲಿಸಿದೆ. ಅಲ್ಲಿ ಬಿಸಿಲು ಚೆನ್ನಾಗಿ ಬರುತ್ತದೆ.

ಸೆಪ್ಟೆಂಬರ್ 10

ಎರಡನೇ ರಾಶಿ ಜರಡಿ ಆಯಿತು. ಸಸಿತೋಟದಲ್ಲಿ ಬಿತ್ತಿದರು. ಇವರು ದಿನಕ್ಕೆ ಮೂರು ಸಲ ಹೋಗಿ ಬರುತ್ತಿದ್ದಾರೆ. ಹೊಟ್ಟೆ ಸರಿಯಿಲ್ಲವೆಂದು ನಾನು ಹೋಗಲಿಲ್ಲ.

ಸೆಪ್ಟೆಂಬರ್ 24

ಗಿಡ ನೆಟ್ಟಗೆ ಬಂದಿವೆ.

ಇವರು ಓಡಿ ಬಂದು ನನ್ನನ್ನು ಎತ್ತಿಕೊಂಡು ಸುತ್ತು ತಿರುಗಿಸಿದರು. ಎಡಗೆನ್ನೆ ಗುಳಿ ಬಿದ್ದಿತ್ತು. ಎಷ್ಟೋ ತಿಂಗಳಾದ ಮೇಲೆ. ತಲೆ ಸುತ್ತುತ್ತದೆ, ಇಳಿಸಿ ಎಂದೆ.

ಸಾಹೇಬರು ಬಂದು ಎಲೆ ಮುಟ್ಟಿ ನೋಡಿ, "ನೋಡಿದ್ರಾ? ಆಕೆ ಕೈ ತೆಗೆದ ಮೇಲೆ ಎಲ್ಲಾ ಸರಿಹೋಯ್ತು" ಎಂದರು. ಮೇಡಂ ಏನೋ ಹೇಳಹೊರಟು, ನೆಟ್ಟಗಿದ್ದ ಗಿಡ ನೋಡಿ, ಮೀಟರನ್ನು ಚೀಲಕ್ಕೆ ಹಾಕಿಕೊಂಡರು. ಅಂಗಳ ಶಾಶ್ವತವಾಯಿತು. ಮನೆಯೂ. ಅಕ್ಕನಿಗೆ ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ, ಕೋಣೆ ಬಿಡಲು.

ಸೆಪ್ಟೆಂಬರ್ 29

ಬೆಳಿಗ್ಗೆ ಡಿಗ್ರಿ ಬರೆಯುತ್ತಿದ್ದೆ. ಅಕ್ಕ ಬಂದರು. ತೊಳೆದ ಸೀರೆ ಉಟ್ಟಿದ್ದರು. ಆದರೂ ಜಿಡ್ಡಿನ ವಾಸನೆ ಇತ್ತು. ಅವರ ಯಜಮಾನರನ್ನು ಕುರ್ಚಿಯ ಸಮೇತ ವ್ಯಾನಿಗೆ ಹತ್ತಿಸಿ ಬಂದಿದ್ದಾರಂತೆ. ಐದು ನಿಮಿಷ ಎಂದರು.

"ಸಸಿತೋಟಕ್ಕೆ ಹೋಗಿದ್ದೆ ಕಣಮ್ಮ, ಗಿಡ ನೋಡೋಣ ಅಂತ. ಎಷ್ಟು ಚೆನ್ನಾಗಿ ಬಂದಿವೆ! ನಾನು ನಿಜ ಹೇಳ್ತೀನಿ, ಇಷ್ಟು ದಿನ ಒಳಗೊಳಗೇ ಅಂದ್ಕೊಳ್ತಿದ್ದೆ, ಹನ್ನೆರಡು ಡಬ್ಬಿ ನೀರಿಗೆ ಎಂಟ್ನೂರು ಗಿಡ ಸಾಯುತ್ತಾ ಅಂತ. ಇವತ್ತು ಕಣ್ಣಾರೆ ನೋಡಿದೆ. ನನ್ನದೇ ತಪ್ಪು."

ನಾನು ಥರ್ಮಾಮೀಟರ್ ಒರೆಸುತ್ತಿದ್ದೆ.

"ಉಪ್ಪು ತಿಂದೋರು ನೀರು ಕುಡೀಲೇಬೇಕು, ಅದಕ್ಕೆ ಬೇಜಾರಿಲ್ಲ. ಆದ್ರೆ ನೀವಿಬ್ರು ಈಗಷ್ಟೇ ಸಂಸಾರ ಕಟ್ಕೊಂಡೋರು. ನನ್ನ ದೆಸೆಯಿಂದ ಬೀದಿಗೆ ಬರ್ತಿದ್ರಿ. ಅದು ನೆನೆದ್ರೆ ಗಂಟಲಲ್ಲಿ ಅನ್ನ ಇಳಿಯಲ್ಲ. ಮೇಷ್ಟ್ರ ಮುಖ ನೋಡೋ ಧೈರ್ಯ ಇಲ್ಲ, ನಿನ್ನ ಹತ್ರ ಕೇಳ್ತೀನಿ. ಕ್ಷಮಿಸಿಬಿಡು ತಾಯಿ."

ಗೇಟಿನ ಆಚೆ ವ್ಯಾನು ಹಾರ್ನ್ ಮಾಡಿತು.

"ಹೋಗ್ಲಿ ಬಿಡಿ ಅಕ್ಕ" ಎಂದೆ. "ನಾನು ಯಾವತ್ತೋ ಕ್ಷಮಿಸಿದ್ದೀನಿ."

ಅಕ್ಕ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಅವರ ಕೈಯ ಚರ್ಮ ಬೆರಳಿನ ಸಂದಿಗಳಲ್ಲಿ ಸೀಳಿತ್ತು. ಆಮೇಲೆ ಮುಖ ಒರೆಸಿಕೊಂಡು ಹೋದರು. ಹೋಗುವಾಗ ಹಗುರವಾಗಿ ನಡೆಯುತ್ತಿದ್ದರು, ಅಷ್ಟಾದರೂ ಆಯಿತು.

ಸಂಜೆ ಇವರಿಗೆ ಹೇಳಿದೆ, ಅಕ್ಕ ಬಂದಿದ್ದರು, ಹೀಗೆ ಕೇಳಿದರು, ಕ್ಷಮಿಸಿ ಕಳಿಸಿದೆ ಎಂದು. ಇವರ ಕಣ್ಣಲ್ಲಿ ನೀರು ಬಂತು.

"ನಿನ್ನ ಮನಸ್ಸು ದೊಡ್ಡದು ಕಣೇ" ಎಂದರು.

ಊಟಕ್ಕೆ ಬಡಿಸಿದೆ.